ಸಂಬಳದ ಚೀಟಿ ಮತ್ತು ಮುಪ್ಪಿನ ಗಂಟು

ತೊಣ್ಣೂರಿಗೆ ಬರುವವರು ಕೆರೆಯನ್ನು ನೋಡುತ್ತಾರೆ, ನಂಬಿನಾರಾಯಣನ ದರ್ಶನ ಮಾಡುತ್ತಾರೆ, ರಾಮಾನುಜಾಚಾರ್ಯರ ಕಥೆಯನ್ನು ಕೇಳಿಕೊಂಡು ಹಿಂದಿರುಗುತ್ತಾರೆ. ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಒಂದು ಕ್ರಮವನ್ನು ಕಾಣಬಹುದು: ಕೊಟ್ಟವರು ಯಾರು, ಪಡೆದವರು ಯಾರು, ಯಾವ ಸೇವೆಗಾಗಿ, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳು ಯಾರು, ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಶಾಪ. ದೀಪ ಹಚ್ಚುವವನ ಪಾಲು ಎಷ್ಟೆಂಬುದನ್ನು ಕಲ್ಲಿನ ಮೇಲೆ ಕೊರೆದು ಬಯಲಿನಲ್ಲಿ ನಿಲ್ಲಿಸುತ್ತಿದ್ದರು. ಓದುಬಾರದವನೂ ಓದಬಲ್ಲವನನ್ನು ಕೇಳಿ ತಿಳಿಯಬಹುದಿತ್ತು. ದುಡಿದವನ ಪಾಲು ಗುಟ್ಟಾಗಿರಬಾರದೆಂಬ ವಿವೇಕ ಅದರಲ್ಲಿದೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರು ಸೀಮೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂದು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಗಂಡುಮಕ್ಕಳು ಮೈಸೂರು, ಬಿಡದಿ, ಬೆಂಗಳೂರುಗಳ ಕಾರ್ಖಾನೆಗಳಲ್ಲಿದ್ದಾರೆ. ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ, ಅವರ ಮಕ್ಕಳೂ ಇದ್ದಾರೆ. "ಮೇಷ್ಟ್ರೇ, ಸಂಬಳ ಸರಿಯಾಗಿ ಕೊಡ್ತಿದ್ದಾರೋ ಇಲ್ವೋ, ಪಿ.ಎಫ್. ಕಟ್ತಿದ್ದಾರೋ ಇಲ್ವೋ, ತಿಳಿಯೋದು ಹೇಗೆ?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಉತ್ತರವನ್ನು ತಿಳಿಯಲು ಮೊದಲು ಈ ವ್ಯವಸ್ಥೆ ಬಂದ ದಾರಿಯನ್ನು ತಿಳಿಯಬೇಕು.

ಬ್ರಿಟಿಷರ ಕಾಲದ ಕಾರ್ಖಾನೆಗಳಲ್ಲಿ ಕೂಲಿ ಎಂದು ಬರುತ್ತದೆ, ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದು ಮಾಲೀಕನ ಇಚ್ಛೆಗೆ ಬಿಟ್ಟದ್ದಾಗಿತ್ತು. ತಡವಾಗಿ ಬಂದರೆ ದಂಡ, ಬಟ್ಟೆ ಕೆಟ್ಟರೆ ದಂಡ. 1936ರ ವೇತನ ಪಾವತಿ ಕಾಯಿದೆಯು ಕೂಲಿ ಕೊಡುವ ದಿನಕ್ಕೆ ಗಡುವನ್ನೂ ದಂಡ ಮುರಿಯುವುದಕ್ಕೆ ಮಿತಿಯನ್ನೂ ವಿಧಿಸಿತು. ಆದರೆ ಕೂಲಿ ಎಷ್ಟಿರಬೇಕೆಂದು ಅದು ಹೇಳಲಿಲ್ಲ. ಅದನ್ನು ಹೇಳಿದ್ದು 1948ರ ಕನಿಷ್ಠ ವೇತನ ಕಾಯಿದೆ. ಇನ್ನು, ಮೈಯಲ್ಲಿ ಶಕ್ತಿ ಉಡುಗಿದ ಮೇಲೆ ಗತಿಯೇನು? 1952ರಲ್ಲಿ ಬಂದ ನೌಕರರ ಭವಿಷ್ಯ ನಿಧಿ ಕಾಯಿದೆ ಆ ಪ್ರಶ್ನೆಗೆ ಉತ್ತರ. ಆರಂಭದಲ್ಲಿ ಅದು ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನೌಕರನು ಶೇಕಡಾ 6.25, ಮಾಲೀಕನು ಅಷ್ಟೇ. 1982ರಲ್ಲಿ ಶಾಲಾ ಕಾಲೇಜುಗಳೂ ಅದರ ವ್ಯಾಪ್ತಿಗೆ ಬಂದವು. 1995ರಲ್ಲಿ ಪಿಂಚಣಿ ಯೋಜನೆ ಸೇರಿತು. ವಂತಿಗೆ ಕ್ರಮೇಣ ಶೇಕಡಾ 12ಕ್ಕೆ ಏರಿತು.

ಕಾನೂನು ಹೀಗೆ ಬೆಳೆದರೂ ಒಂದು ಕೊರತೆ ಬಹುಕಾಲ ಉಳಿಯಿತು. ಹಣ ಮುರಿಯುತ್ತಿದ್ದುದು ತಿಂಗಳು ತಿಂಗಳು. ಲೆಕ್ಕ ಕೈಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ಮಾಲೀಕರ ಮೂಲಕ. ಕೆಲಸ ಬಿಟ್ಟರೆ ಹೊಸ ಕಡೆ ಹೊಸ ನಂಬರು. ಹಳೆಯದು ಮರೆತೇ ಹೋಗುತ್ತಿತ್ತು. 2014ರ ಅಕ್ಟೋಬರಿನಲ್ಲಿ ಆರಂಭವಾದ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಕೆಲಸ ಎಷ್ಟು ಕಡೆ ಬದಲಾದರೂ ಸಂಖ್ಯೆ ಒಂದೇ. ಪಾಸ್‌ಬುಕ್ಕನ್ನು ನೌಕರನೇ ಮೊಬೈಲಿನಲ್ಲಿ ನೋಡಬಹುದು.

ಈ ಹಣ ದುಡಿಯುವವರಿಗೆ ಎಷ್ಟು ಮುಖ್ಯವೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟವರು ನಮ್ಮ ನಾಡಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಹೊರಡಿಸಿತು: ಕೆಲಸ ಬಿಟ್ಟವರು ತಮ್ಮ ಪಾಲನ್ನು ಮಾತ್ರ ತೆಗೆಯಬಹುದು, ಮಾಲೀಕರ ಪಾಲಿಗೆ 58 ವರ್ಷದವರೆಗೆ ಕಾಯಬೇಕು. ಮಗಳ ಮದುವೆ, ಮಗನ ಶಾಲೆಯ ಶುಲ್ಕ, ಸಾಲದ ತೀರುವಳಿ ಎಲ್ಲವನ್ನೂ ಆ ಗಂಟಿನ ಮೇಲೆ ನಿಲ್ಲಿಸಿಕೊಂಡವರಿಗೆ ಇದು ಸಿಡಿಲಿನಂತೆ ಬಡಿಯಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ ಮೊದಲಾದೆಡೆ ಸಹಸ್ರಾರು ಮಹಿಳೆಯರು ಬೀದಿಗಿಳಿದರು. ದೊಡ್ಡ ನಾಯಕರು ಕರೆಕೊಟ್ಟ ಚಳವಳಿ ಅದಲ್ಲ. ಲಾಠಿ, ಅಶ್ರುವಾಯು, ಬೆಂಕಿಗೆ ತುತ್ತಾದ ವಾಹನಗಳು, ಎಲ್ಲವೂ ನಡೆದವು. ಹಿಂಸೆಯನ್ನು ನಾನು ಒಪ್ಪುವವನಲ್ಲ. ಆದರೆ 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು ಎಂಬುದು ಚರಿತ್ರೆ.

ಎರಡನೆಯ ಪ್ರಸಂಗ ಸದ್ದಿಲ್ಲದೆ ನಡೆದದ್ದು. ಕರ್ನಾಟಕದಲ್ಲಿ ಬೆಲೆ ಏರಿದಂತೆ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏರುತ್ತದೆ. 2020ರಲ್ಲಿ ಅದು ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೊರೋನಾದ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಬಾಕಿ ಕೈಸೇರತೊಡಗಿದ್ದು 2022ರ ಆರಂಭದಲ್ಲಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ತಿಂಗಳಿಗೆ 417 ಎಂದರೆ ವರ್ಷಕ್ಕೆ 5,004. ಅಷ್ಟೇ ಎಂದು ಬಿಡುವಂತಿಲ್ಲ. 417ರ ಶೇಕಡಾ 12 ಎಂದರೆ 50 ರೂಪಾಯಿ ನೌಕರಳ ಪಾಲಿನಿಂದ, ಇನ್ನೊಂದು 50 ಮಾಲೀಕರ ಪಾಲಿನಿಂದ, ಒಟ್ಟು 100 ರೂಪಾಯಿ ಪ್ರತಿ ತಿಂಗಳೂ ಭವಿಷ್ಯದ ಗಂಟಿಗೆ ಸೇರದೆ ಉಳಿಯಿತು. ಅದರ ಮೇಲಿನ ಬಡ್ಡಿ ಬೇರೆ. ಹೀಗೆ ಇಂದಿನ ಕೂಲಿಯಲ್ಲಿ ಕಡಿಮೆಯಾದದ್ದು ಮುಪ್ಪಿನಲ್ಲಿ ಮತ್ತೊಮ್ಮೆ ಕಡಿಮೆಯಾಗುತ್ತದೆ. ಸಂಬಳವನ್ನೂ ಪಿ.ಎಫ್.ಅನ್ನೂ ಬೇರೆ ಬೇರೆಯಾಗಿ ನೋಡಬಾರದೆಂದು ನಾನು ಹೇಳುವುದು ಇದಕ್ಕೇ.

ಅದೇ 2020ರ ಜೂನ್‌ನಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋದಿಂಗ್ ಕಾರ್ಖಾನೆಯ ಸಾವಿರಕ್ಕೂ ಹೆಚ್ಚು ಮಂದಿಗೆ, ಬಹುಪಾಲು ಮಹಿಳೆಯರಿಗೆ, ಕೆಲಸವಿಲ್ಲವೆಂದು ಹೇಳಲಾಯಿತು. ಅವರು ವಾರಗಟ್ಟಲೆ ಧರಣಿ ಕೂತರು. 2021ರ ಆರಂಭದಲ್ಲಿ ಅವರ ಸಂಘಕ್ಕೂ ಕಂಪನಿಗೂ ಒಪ್ಪಂದವಾಗಿ, ಕಂಪನಿಯ ಇತರ ಕಾರ್ಖಾನೆಗಳಲ್ಲಿ ಮರಳಿ ಕೆಲಸ ಕೊಡುವ ಮಾತಾಯಿತು. ಬಾಗಿಲು ಎಂದು ಮುಚ್ಚೀತೆಂದು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಮುಚ್ಚಿದ ದಿನ ನಮ್ಮ ಪಾಲಿಗೆ ಉಳಿಯುವುದು ಬರೆದಿಟ್ಟ ಲೆಕ್ಕವೇ.

ಆದ್ದರಿಂದ ನೋಡಬೇಕಾದ ಕ್ರಮವನ್ನು ಹೇಳುತ್ತೇನೆ. ಮೊದಲು ಸಂಬಳದ ಚೀಟಿ. ಅದನ್ನು ಕೇಳಿ ಪಡೆಯುವುದು ಹಕ್ಕು. ಹಾಜರಿಯ ದಿನಗಳು ಸರಿಯಿವೆಯೇ, ಹೆಚ್ಚು ಹೊತ್ತು ದುಡಿದುದಕ್ಕೆ ಇಮ್ಮಡಿ ದರ ಹಾಕಿದ್ದಾರೆಯೇ ನೋಡಿ. ಮೂಲವೇತನ, ತುಟ್ಟಿಭತ್ಯೆ ಕೂಡಿದ ಮೊತ್ತವು ನಿಮ್ಮ ಉದ್ಯಮಕ್ಕೆ, ನಿಮ್ಮ ಕೆಲಸದ ದರ್ಜೆಗೆ, ನಿಮ್ಮ ವಲಯಕ್ಕೆ ರಾಜ್ಯ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು.

ಅನಂತರ ಪಾಸ್‌ಬುಕ್ಕು. ಅದರಲ್ಲಿ ಮೂರು ಕಲಂಗಳಿವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ. ಮಾಲೀಕರ ಪಾಲು ಚಿಕ್ಕದಾಗಿ ಕಂಡು ಗಾಬರಿಯಾಗುವವರುಂಟು. ಇದುವರೆಗೆ ನಡೆದುಬಂದ ಲೆಕ್ಕದಲ್ಲಿ ಅವರ ಶೇಕಡಾ 12ರಲ್ಲಿ 8.33 ಪಿಂಚಣಿಗೂ 3.67 ನಿಧಿಗೂ ಹೋಗುತ್ತದೆ. ವೇತನ 12,000 ಇದ್ದರೆ ನಿಮ್ಮ ಪಾಲು 1,440. ಅವರ 1,440ರಲ್ಲಿ 1,000 ಪಿಂಚಣಿಗೆ, 440 ನಿಧಿಗೆ. ಮಾಲೀಕರು ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಬೇಕು. ಚೀಟಿಯಲ್ಲಿ ಮುರಿದದ್ದು ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಅದು ತಪ್ಪಷ್ಟೇ ಅಲ್ಲ. ನೌಕರನಿಂದ ಮುರಿದ ಹಣವನ್ನು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧ.

ಇನ್ನೊಂದು ಉಪಾಯವೂ ನಡೆಯುತ್ತಿತ್ತು: ಮೂಲವೇತನವನ್ನು ಚಿಕ್ಕದಾಗಿಸಿ ಉಳಿದದ್ದನ್ನು ಆ ಭತ್ಯೆ ಈ ಭತ್ಯೆ ಎಂದು ತೋರಿಸಿ ವಂತಿಗೆ ತಗ್ಗಿಸುವುದು. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆಯೂ ವೇತನವೇ ಎಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿ 28ರಂದು ತೀರ್ಪಿತ್ತಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಳೆಯ ಕಾಯಿದೆಗಳ ಸ್ಥಾನದಲ್ಲಿ ನಿಂತಿವೆ. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೇ ಎನ್ನುತ್ತವೆ.

ವ್ಯತ್ಯಾಸ ಕಂಡರೆ ಮೊದಲು ಕಾರ್ಖಾನೆಯ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ನಾಲ್ವರು ಕೂಡಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಕೂಲಿಯ ವಿಷಯಕ್ಕೆ ಕಾರ್ಮಿಕ ಇಲಾಖೆ, ಪಿ.ಎಫ್. ವಿಷಯಕ್ಕೆ ಭವಿಷ್ಯ ನಿಧಿ ಕಚೇರಿ ಇವೆ. ಚೀಟಿಗಳನ್ನು ಮಾತ್ರ ಬಿಸಾಡಬೇಡಿ; ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಹಳೆಯ ಕಾರ್ಖಾನೆಯ ಒಂದು ಚೀಟಿಯೇ ಎಷ್ಟೋ ಬಾರಿ ಸಾಕ್ಷಿಯಾಗುತ್ತದೆ.

ಓದಿದ ಮಕ್ಕಳು ತಿಂಗಳಿಗೊಮ್ಮೆ ಅಮ್ಮನ ಪಕ್ಕ ಕುಳಿತು ಆ ಎರಡು ಲೆಕ್ಕಗಳನ್ನು ತಾಳೆ ನೋಡಲಿ. ಕಾಲು ಗಂಟೆಯ ಕೆಲಸ. ಶಾಲೆಯಲ್ಲಿ ಕಲಿತ ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋರುವುದಿಲ್ಲ.