ಆವನಿ: ಬೆಟ್ಟದ ಬುಡದ ಊರು, ನೊಳಂಬರ ಕಾಲದ ಗುಡಿ ಮತ್ತು ಕೆರೆ

ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದಿಂದ ನೈಋತ್ಯಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ ಆವನಿ ಇದೆ. ಇದು ಹೋಬಳಿ ಕೇಂದ್ರ. ಬೆಂಗಳೂರಿನಿಂದ ಕೋಲಾರದ ಮೇಲೆ ತಿರುಪತಿ ಕಡೆಗೆ ಹೋಗುವ ನಮ್ಮ ಎಷ್ಟೋ ಕುಟುಂಬಗಳು ಇದರ ಹತ್ತಿರದಲ್ಲೇ ಹಾದುಹೋಗುತ್ತವೆ, ಊರಿನ ಒಳಗೆ ಬರುವವರು ಕಡಿಮೆ.

ಊರಿನ ಬೆನ್ನಿಗೆ ದೊಡ್ಡ ಬಂಡೆಬೆಟ್ಟ, ಕೆಳಗೆ ಕೆಂಪು ಮಣ್ಣಿನ ಹೊಲಗಳು. ರಾಗಿ, ಹಿಪ್ಪುನೇರಳೆ, ಟೊಮೆಟೊ, ಮಾವು ಇಲ್ಲಿನ ಬೆಳೆಗಳು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹೆಸರಿಗೆ ನದಿ, ಒಳ್ಳೆಯ ಮಳೆ ಬಂದರೆ ಮಾತ್ರ ಅದರಲ್ಲಿ ನೀರು. ಆದ್ದರಿಂದ ಬೆಟ್ಟದಿಂದ ಇಳಿಯುವ ಮಳೆನೀರಿಗೆ ಏರಿ ಹಾಕಿ ನಿಲ್ಲಿಸಿಕೊಂಡವರೇ ಇಲ್ಲಿ ಊರು ಕಟ್ಟಿದರು. ಆವನಿಯ ಚರಿತ್ರೆಯನ್ನು ಗುಡಿಯಿಂದ ಶುರು ಮಾಡುವುದು ರೂಢಿ. ಕೆರೆಯಿಂದ ಶುರು ಮಾಡಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಶಾಸನವೇ ಆಧಾರ. 10ನೇ ಶತಮಾನದಲ್ಲಿ ತ್ರಿಭುವನಕರ್ತ ಎಂಬ ಶೈವ ತಪಸ್ವಿ ಈ ಸ್ಥಾನವನ್ನು 40 ವರ್ಷ ನಡೆಸಿ, 50 ದೇವಾಲಯಗಳನ್ನೂ 2 ದೊಡ್ಡ ಕೆರೆಗಳನ್ನೂ ಮಾಡಿಸಿ ಶಕ 883ರಲ್ಲಿ, ಅಂದರೆ ಕ್ರಿ.ಶ. 961ರಲ್ಲಿ, ತೀರಿಕೊಂಡರೆಂದು ಇಲ್ಲಿನ ಶಾಸನ ಹೇಳುತ್ತದೆ. ಕಲ್ಲಿನಲ್ಲಿ ಬರೆಸುವಾಗ ಕೆರೆಯನ್ನೂ ಗುಡಿಯ ಪಕ್ಕದಲ್ಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ನೊಳಂಬ ರಾಣಿ ದೀವಬ್ಬರಸಿ ಇಲ್ಲಿ ದೇಗುಲ ಕಟ್ಟಿಸಿದಳು.

ಈಗ ಊರೊಳಗೆ ಕಾಣುವುದು ರಾಮಲಿಂಗೇಶ್ವರ ಗುಡಿಗಳ ಸಮೂಹ. ಒಂದೇ ಪ್ರಾಕಾರದಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ನಾಲ್ಕು ಹೆಸರುಗಳು. ಮೂಲ ಕೆಲಸ ನೊಳಂಬರದು, ಚೋಳ ಮತ್ತು ವಿಜಯನಗರ ಕಾಲದ ಸೇರ್ಪಡೆಗಳೂ ಇವೆ. ಕೆತ್ತನೆ ಹೆಚ್ಚಿರುವುದು ಲಕ್ಷ್ಮಣೇಶ್ವರದಲ್ಲಿ. ಅದರ ಒಳಛಾವಣಿಯಲ್ಲಿ ಉಮಾಮಹೇಶ್ವರ, ಸುತ್ತ ಅಷ್ಟದಿಕ್ಪಾಲಕರು. ಅವಸರಪಡದೆ ಕತ್ತೆತ್ತಿ ನೋಡಬೇಕು. ಭಾರತೀಯ ಪುರಾತತ್ವ ಇಲಾಖೆ ಇದನ್ನು ಸಂರಕ್ಷಿಸುತ್ತಿದೆ.

ವಾಲ್ಮೀಕಿ ಆಶ್ರಮ ಇದ್ದದ್ದು ಈ ಬೆಟ್ಟದಲ್ಲೇ, ಲವ-ಕುಶರು ಹುಟ್ಟಿದ್ದು ಇಲ್ಲೇ ಎಂದು ಊರವರ ನಂಬಿಕೆ. ಬೆಟ್ಟದ ಮೇಲೆ ಸೀತಾ ಪಾರ್ವತಿಯ ಗುಡಿ ಇದೆ. ಸಂತಾನಕ್ಕಾಗಿ ಹರಕೆ ಹೊರುವವರು ಹತ್ತಿ ಬರುತ್ತಾರೆ. ನಮ್ಮ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಕಾಡಿನಲ್ಲಿದ್ದ ಸೀತೆಯನ್ನು ತಂಗಿ ಎಂದು ಕರೆದುಕೊಂಡು ಹೋಗುವವನು ಪುಂಡರೀಕಪುರದ ರಾಜ ವಜ್ರಜಂಘ. ಮಕ್ಕಳ ಹೆಸರು ಅನಂಗಲವಣ, ಮದನಾಂಕುಶ. ಎರಡೂ ಕಥೆಗಳನ್ನು ಹೇಳಿ. ಊರವರ ನಂಬಿಕೆಯ ಮುಂದೆ ವಾದಕ್ಕೆ ನಿಲ್ಲುವ ಅಗತ್ಯವಿಲ್ಲ.

ಜೈನ ಚರಿತ್ರೆಗೂ ಈ ಸೀಮೆಗೂ ಸಂಬಂಧ ಗಟ್ಟಿಯಾಗಿದೆ. ಪಕ್ಕದ ಕೋಲಾರವೇ ಗಂಗರ ಕುವಳಾಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ಅರಸರು ಕುವಳಾಲಪುರದ ಒಡೆಯರೆಂಬ ಬಿರುದು ಬಿಡಲಿಲ್ಲ. ಗಂಗ ಮಾರಸಿಂಹ ನೊಳಂಬರನ್ನು ಸೋಲಿಸಿ 'ನೊಳಂಬಕುಲಾಂತಕ' ಎನಿಸಿಕೊಂಡ. ಕೊನೆಗೆ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವ ಕಂಬದ ಮೇಲೆ ಅವನ ಶಾಸನವಿದೆ. ಚಾವುಂಡರಾಯ ಮಂತ್ರಿಯಾಗಿದ್ದದ್ದು ಇದೇ ಅರಸನಿಗೆ.

ಇದನ್ನಷ್ಟೇ ಓದಿದವರು ನೊಳಂಬರನ್ನು ನಮ್ಮ ವಿರೋಧಿಗಳೆಂದು ತಿಳಿಯುತ್ತಾರೆ. ಅದು ತಪ್ಪು. ಈಗ ತಮಿಳುನಾಡಿನಲ್ಲಿರುವ ಧರ್ಮಪುರಿ ಆಗ ತಗಡೂರು. ಕ್ರಿ.ಶ. 893ರ ಅಲ್ಲಿನ ಶಾಸನದ ಪ್ರಕಾರ ನಿಧಿಯಣ್ಣ, ಚಂಡಿಯಣ್ಣ ಎಂಬ ಶೆಟ್ಟರ ಮಕ್ಕಳಿಬ್ಬರು ಬಸದಿ ಕಟ್ಟಿಸಿದರು. ನೊಳಂಬ ಮಹೇಂದ್ರ ಒಂದು ಹಳ್ಳಿ ಕೊಟ್ಟ. ನಿಧಿಯಣ್ಣ ಅದನ್ನು ಬಸದಿಯ ಖರ್ಚಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಅರಸನ ಮನೆತನ ಶೈವ, ದುಡ್ಡು ಹಾಕಿದವರು ವ್ಯಾಪಾರಸ್ಥ ಜೈನರು, ಭೂಮಿ ಅರಸನದು. ಯುದ್ಧ ಅರಸರ ನಡುವೆ ಇತ್ತು. ಅಂಗಡಿ, ಬಸದಿ, ಗುಡಿ ಒಂದೇ ಸೀಮೆಯಲ್ಲಿ ನಡೆದವು. ಕ್ರಿ.ಶ. 1004ರ ಸುಮಾರಿಗೆ ಚೋಳರು ತಲಕಾಡು ಹಿಡಿದ ಮೇಲೆ ಗಂಗರ ಆಳ್ವಿಕೆಯೂ ಮುಗಿಯಿತು.

ಮಹಾಶಿವರಾತ್ರಿಯ ಹೊತ್ತಿಗೆ ಆವನಿಯಲ್ಲಿ ತೇರು, ಜೊತೆಗೆ ದನಗಳ ಜಾತ್ರೆ. ಆಂಧ್ರ, ತಮಿಳುನಾಡಿನಿಂದಲೂ ಎತ್ತು ಕೊಳ್ಳಲು ರೈತರು ಬರುತ್ತಾರೆ. ಗುಡಿಗಳನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಆ ದಿನಗಳು ಬೇಡ.

ಇನ್ನು ನೀರಿನ ಮಾತು. ಹಿಂದೆ ತೂಬು ಎತ್ತಿ ಇಳಿಸಲು ನೀರಗಂಟಿ ಇದ್ದ, ಕೋಡಿ ಬಿದ್ದರೆ ಊರೇ ಪೂಜೆಗೆ ಹೋಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ರಾಜಕಾಲುವೆ ಮುಚ್ಚಿದವು, ಕೆರೆಯಲ್ಲಿ ಜಾಲಿ ಬೆಳೆಯಿತು, ಬಾವಿಗಳು ಸಾವಿರ ಅಡಿ ದಾಟಿದವು. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಅಂತರ್ಜಲ ಏರಿತೆಂದು ಸಂತೋಷಪಟ್ಟವರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಎಂದು ಹೋರಾಡುತ್ತಿರುವವರೂ ಇದ್ದಾರೆ. ಈ ಬೇಡಿಕೆ ನ್ಯಾಯವಾದದ್ದು. ನೀರು ಹೊರಗಿನಿಂದ ಬಂದರೂ ಏರಿ, ತೂಬು, ಕಾಲುವೆ ಸರಿಯಿಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ಹೋಗುವವರು ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ ಇಳಿಯುವುದು ಒಳ್ಳೆಯದು. ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಮುಳಬಾಗಿಲು ದೋಸೆ ಹೆಸರುವಾಸಿ. ಈರುಳ್ಳಿ, ಆಲೂಗಡ್ಡೆ ಬಿಟ್ಟವರು ಮೊದಲೇ ಹೇಳಿ ಹಾಕಿಸಿಕೊಳ್ಳಬೇಕು.