ಸಾಕುಪ್ರಾಣಿಗಳ ಉಸಿರಾಟ ಕ್ರಮ: ಮನುಷ್ಯನಿಗಿಂತ ಇರುವ ಭಿನ್ನತೆ ಮತ್ತು ನಿರ್ವಹಣಾ ಕ್ರಮಗಳು

ಎಲ್ಲ ಪ್ರಾಣಿಗಳಿಗೂ ಆಮ್ಲಜನಕ ಅವಶ್ಯಕ. ಆದರೆ ಅದನ್ನು ಪಡೆಯುವ ಅಂಗಗಳು ಬೇರೆ ಬೇರೆಯಾಗಿವೆ. ಮನುಷ್ಯನು ವಪೆಯ ಚಲನೆಯಿಂದ ಗಾಳಿಯನ್ನು ಶ್ವಾಸಕೋಶಕ್ಕೆ ಎಳೆದುಕೊಂಡು ಅದೇ ಮಾರ್ಗದಲ್ಲಿ ಹೊರಬಿಡುತ್ತಾನೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನಮಗೆ ಹಿತವೆನಿಸುವ ವಾತಾವರಣವು ಸಾಕುಪ್ರಾಣಿಗಳಿಗೂ ಹಿತವಾಗಿರುತ್ತದೆ ಎಂದು ಭಾವಿಸುವುದು ನಷ್ಟಕ್ಕೆ ಕಾರಣವಾಗಬಹುದು.

ಹಸು ಮತ್ತು ಎಮ್ಮೆ

ಇವುಗಳೂ ನಮ್ಮಂತೆ ವಪೆ ಹಾಗೂ ಶ್ವಾಸಕೋಶಗಳಿಂದ ಉಸಿರಾಡುತ್ತವೆ. ಆದರೆ ವಪೆಯ ಹಿಂದೆಯೇ, ಎಡಭಾಗದಲ್ಲಿ ದೊಡ್ಡ ಹೊಟ್ಟೆ ಇರುತ್ತದೆ. ಹಸಿ ದ್ವಿದಳ ಮೇವನ್ನು ಅತಿಯಾಗಿ ತಿಂದು ಹೊಟ್ಟೆ ಉಬ್ಬರಿಸಿದಾಗ ಅದು ವಪೆಯನ್ನು ಒತ್ತುವುದರಿಂದ ಶ್ವಾಸಕೋಶ ಹಿಗ್ಗಲಾರದೆ ರಾಸು ಸಾಯಬಹುದು. ಎಡಪಕ್ಕೆ ಉಬ್ಬಿ, ರಾಸು ಬಾಯಿ ತೆರೆದು ಉಸಿರಾಡುತ್ತಿದ್ದರೆ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಗೊಟ್ಟದಲ್ಲಿ ಔಷಧಿ ಕುಡಿಸುವಾಗ ತಲೆಯನ್ನು ಹೆಚ್ಚು ಮೇಲೆತ್ತಬಾರದು, ನಾಲಿಗೆಯನ್ನು ಹಿಡಿದೆಳೆಯಬಾರದು. ಕೆಮ್ಮು ಬಂದೊಡನೆ ನಿಲ್ಲಿಸಬೇಕು. ಇಲ್ಲವಾದಲ್ಲಿ ದ್ರವವು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಉಂಟಾಗುತ್ತದೆ. ಎಮ್ಮೆಗಳಲ್ಲಿ ಬೆವರು ಗ್ರಂಥಿಗಳು ಕಡಿಮೆ ಇರುವುದರಿಂದ ಬೇಸಿಗೆಯಲ್ಲಿ ನೆರಳು ಮತ್ತು ಮೈತೊಳೆಯಲು ನೀರು ಒದಗಿಸುವುದು ಅತ್ಯವಶ್ಯ.

ಕೋಳಿ

ಕೋಳಿಗೆ ವಪೆಯಿಲ್ಲ. ಎದೆಮೂಳೆಯ ಏರಿಳಿತದಿಂದ ಗಾಳಿಚೀಲಗಳು ತಿದಿಯಂತೆ ಕೆಲಸಮಾಡಿ ಶ್ವಾಸಕೋಶದ ಮೂಲಕ ಗಾಳಿಯನ್ನು ಸಾಗಿಸುತ್ತವೆ. ಆದ್ದರಿಂದ ಲಸಿಕೆ ಹಾಕುವಾಗ ಎದೆಯನ್ನು ಬಿಗಿಯಾಗಿ ಅದುಮಿ ಹಿಡಿಯಬಾರದು. ಒದ್ದೆಯಾದ ಲಿಟ್ಟರ್‌ನಿಂದ ಏಳುವ ಅಮೋನಿಯಾ ಶ್ವಾಸನಾಳಕ್ಕೆ ಹಾನಿಮಾಡಿ ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಲಿಟ್ಟರನ್ನು ಆಗಾಗ ಕೆದಕಿ ಒಣದಾಗಿಡಬೇಕು. ಚಳಿಗಾಲದಲ್ಲಿಯೂ ಪರದೆಗಳನ್ನು ಪೂರ್ತಿ ಮುಚ್ಚದೆ ಮೇಲ್ಭಾಗದಲ್ಲಿ ಗಾಳಿಗೆ ಅವಕಾಶ ಬಿಡಬೇಕು. ಕೋಳಿಗಳು ಬೆವರುವುದಿಲ್ಲ, ಏದುಸಿರಿನಿಂದಲೇ ಹೆಚ್ಚಿನ ಶಾಖವನ್ನು ಹೊರಹಾಕುತ್ತವೆ. ಹೀಗಾಗಿ ಬಿಸಿಲಿನ ವೇಳೆ ತಂಪಾದ ನೀರು ಸದಾ ದೊರೆಯುವಂತಿರಬೇಕು.

ಮೀನು

ಮೀನುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಿವಿರುಗಳಿಂದ ಹೀರುತ್ತವೆ. ಒಂದು ಲೀಟರ್ ಗಾಳಿಗೆ ಹೋಲಿಸಿದರೆ ಒಂದು ಲೀಟರ್ ನೀರಿನಲ್ಲಿ ಆಮ್ಲಜನಕ ಅತ್ಯಲ್ಪ. ರಾತ್ರಿ ಪಾಚಿಯೂ ಅದನ್ನು ಬಳಸುವುದರಿಂದ ನಸುಕಿನಲ್ಲಿ ಕೊರತೆ ತೀವ್ರವಾಗಿರುತ್ತದೆ. ಕಾಟ್ಲಾ, ರೋಹು ಮೀನುಗಳು ಮುಂಜಾನೆ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಹಾರ ಹಾಗೂ ಸಗಣಿ ಹಾಕುವುದನ್ನು ನಿಲ್ಲಿಸಿ, ಹೊಸ ನೀರು ಹಾಯಿಸಬೇಕು ಅಥವಾ ಏರೇಟರ್ ಚಾಲನೆ ಮಾಡಬೇಕು. ಕರಗಿದ ಆಮ್ಲಜನಕವು ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗದಿರುವುದು ಉತ್ತಮ.

ರೇಷ್ಮೆಹುಳು ಮತ್ತು ಎರೆಹುಳು

ರೇಷ್ಮೆಹುಳುವಿಗೆ ಶ್ವಾಸಕೋಶವಿಲ್ಲ. ದೇಹದ ಎರಡೂ ಬದಿಯಲ್ಲಿರುವ 9 ಜೊತೆ ಶ್ವಾಸರಂಧ್ರಗಳಿಂದ ಗಾಳಿಯು ಸೂಕ್ಷ್ಮನಾಳಗಳ ಮೂಲಕ ನೇರವಾಗಿ ಅಂಗಾಂಶಗಳಿಗೆ ತಲುಪುತ್ತದೆ. ಹುಳು ಸಾಕಣೆ ಮನೆಯಲ್ಲಿ ಹೊಗೆ, ಕೀಟನಾಶಕದ ವಾಸನೆ ಸುಳಿಯದಂತೆ ಎಚ್ಚರ ವಹಿಸಿ, ಗಾಳಿಯಾಡುವಂತೆ ನೋಡಿಕೊಳ್ಳಬೇಕು. ಎರೆಹುಳು ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿದರೆ ಸಾಯುತ್ತದೆ. ತೊಟ್ಟಿಯಲ್ಲಿ ತೇವವಿರಬೇಕು, ಆದರೆ ನೀರು ನಿಲ್ಲಬಾರದು.

ಉಸಿರಾಟ ಎಣಿಸುವ ವಿಧಾನ

ರಾಸು ಶಾಂತವಾಗಿರುವಾಗ, ತಂಪು ಹೊತ್ತಿನಲ್ಲಿ, ಪಕ್ಕೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಏರಿಕೆ ಮತ್ತು ಇಳಿಕೆ ಸೇರಿ ಒಂದು ಉಸಿರು. ಆರೋಗ್ಯವಂತ ರಾಸುವಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಲ್ಲಿ ಕಾಯಿಲೆಯನ್ನು ಬೇಗನೆ ಗುರುತಿಸಬಹುದು. ನೆರಳಿನಲ್ಲಿಯೂ ಉಸಿರಾಟ ಇಳಿಯದಿದ್ದರೆ ಪಶುವೈದ್ಯರ ಸಲಹೆ ಪಡೆಯುವುದು ಸೂಕ್ತ.