ಮೈನ್ ನಾಮೆ ಇಸ್ಟ್ ಹಾಸೆ

ಮೈನ್ ನಾಮೆ ಇಸ್ಟ್ ಹಾಸೆ, ಇಷ್ ವೈಸ್ ಫೊನ್ ನಿಷ್ಟ್ಸ್: ಜರ್ಮನ್ ಆಡುಮಾತಿನ ಒಂದು ನುಡಿಗಟ್ಟು. ಪದಶಃ ಅರ್ಥ, ‘ನನ್ನ ಹೆಸರು ಹಾಸೆ, ನನಗೇನೂ ಗೊತ್ತಿಲ್ಲ’. ಕೇಳಿದ ವಿಷಯಕ್ಕೂ ತನಗೂ ಸಂಬಂಧವಿಲ್ಲ, ತನ್ನನ್ನು ಕೇಳಿ ಫಲವಿಲ್ಲ ಎಂದು ಜಾರಿಕೊಳ್ಳುವವರ ಬಾಯಲ್ಲಿ ಇದು ಬರುತ್ತದೆ. ಹೇಳುವವನಿಗೆ ಎಲ್ಲ ಗೊತ್ತಿದೆ ಎಂಬ ಗುಮಾನಿ ಕೇಳುವವನಿಗೆ ಬಹುಮಟ್ಟಿಗೆ ಇದ್ದೇ ಇರುತ್ತದೆ.

ಜರ್ಮನ್‌ನಲ್ಲಿ ಹಾಸೆ ಎಂದರೆ ಮೊಲ. ಹಾಗಾಗಿ ಇದನ್ನು ಅಂಜುಬುರುಕ ಮೊಲದ ಮಾತೆಂದು ತಿಳಿಯುವುದು ಸಹಜ. ಆದರೆ ಇಲ್ಲಿ ಅದು ಒಂದು ಮನೆತನದ ಹೆಸರು. ಯೇನಾ ನಗರದ ಪ್ರಸಿದ್ಧ ಕ್ರೈಸ್ತಧರ್ಮ ಇತಿಹಾಸಕಾರ ಕಾರ್ಲ್ ಆಗಸ್ಟ್ ಫಾನ್ ಹಾಸೆಯ ಮಗ ವಿಕ್ಟರ್ (1834–1860) ಹೈಡಲ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದ. 1854–55ರ ಚಳಿಗಾಲದಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬ ದ್ವಂದ್ವಯುದ್ಧದಲ್ಲಿ ಎದುರಾಳಿಯನ್ನು ಗುಂಡಿಟ್ಟು ಕೊಂದ. ಅವನು ಫ್ರಾನ್ಸಿಗೆ ಓಡಿಹೋಗಬೇಕಿತ್ತು. ಗಡಿ ದಾಟಲು ಗುರುತಿನ ಚೀಟಿ ಬೇಕಿತ್ತು. ವಿಕ್ಟರ್ ತನ್ನ ವಿದ್ಯಾರ್ಥಿ ಚೀಟಿಯನ್ನೇ ಕೊಟ್ಟುಬಿಟ್ಟ. ಗೆಳೆಯ ಪಾರಾದ. ಚೀಟಿ ಮಾತ್ರ ಕಳೆದುಹೋಗಿ, ಸಿಕ್ಕವರ ಕೈಯಿಂದ ಹೈಡಲ್‌ಬರ್ಗ್‌ಗೆ ಮರಳಿತು. ವಿದ್ಯಾರ್ಥಿಗಳ ತಪ್ಪುಗಳನ್ನು ಆಗ ವಿಶ್ವವಿದ್ಯಾಲಯವೇ ವಿಚಾರಿಸುತ್ತಿತ್ತು, ಅದಕ್ಕೆ ಸ್ವಂತ ಸೆರೆಕೋಣೆಗಳೂ ಇದ್ದವು. ಅಂಥ ನ್ಯಾಯಾಲಯದ ಮುಂದೆ ವಿಕ್ಟರ್ ನಿಲ್ಲಬೇಕಾಯಿತು.

ಅಲ್ಲಿ ಅವನು ಹೇಳಿದ್ದು ಮೂರು ಮಾತು: ನನ್ನ ಹೆಸರು ಹಾಸೆ; ಸಾಮಾನ್ಯ ಪ್ರಶ್ನೆಗಳಿಗೆಲ್ಲ ಇಲ್ಲ ಎನ್ನುತ್ತೇನೆ; ನನಗೇನೂ ಗೊತ್ತಿಲ್ಲ. ಈ ನಡುವಿನ ಮಾತಿನಲ್ಲೇ ಇಡೀ ಪ್ರಸಂಗದ ಸ್ವಾರಸ್ಯವಿದೆ. ಆರೋಪಿ ನಿನ್ನ ನೆಂಟನೇ, ಪ್ರಕರಣದಲ್ಲಿ ನಿನಗೆ ಹಿತಾಸಕ್ತಿ ಉಂಟೇ ಎಂದು ವಿಚಾರಣೆಯ ಆರಂಭದಲ್ಲಿ ಕೇಳುವಂಥವನ್ನು ‘ಸಾಮಾನ್ಯ ಪ್ರಶ್ನೆಗಳು’ ಎನ್ನುತ್ತಿದ್ದರು. ಅವನ್ನು ಕೇಳುವ ಮೊದಲೇ ಈ ಕಾನೂನು ವಿದ್ಯಾರ್ಥಿ ಉತ್ತರ ಕೊಟ್ಟು ಮುಗಿಸಿದ್ದ. ಗೆಳೆಯನನ್ನು ಹಿಡಿದುಕೊಡಬಾರದೆಂಬ ಹಟ ಆ ಒಣ ಉತ್ತರದಲ್ಲಿ ಎದ್ದು ಕಾಣುತ್ತದೆ.

ಮಾತು ವಿದ್ಯಾರ್ಥಿಗಳ ನಡುವೆ ಹರಡಿ ಊರಿನ ಮಾತಾಯಿತು. ಕೋರ್ಟಿನ ಪರಿಭಾಷೆ ಜನಕ್ಕೆ ಬೇಡವಾಗಿ ನಡುವಿನ ತುಂಡು ಉದುರಿತು. ಉಳಿದೆರಡು ಅಂಟಿಕೊಂಡ ಮೇಲೆ ಹಾಸೆ ಎಂಬುದು ಮೊಲವಾಗಿಯೇ ಕೇಳಿಸತೊಡಗಿತು. ಜರ್ಮನ್ ಟಿವಿಯಲ್ಲಿ ಬಗ್ಸ್ ಬನ್ನಿ ಎಂಬ ಮೊಲದ ಕಾರ್ಟೂನಿಗೆ ಇದೇ ಶೀರ್ಷಿಕೆ ಇಟ್ಟದ್ದು ಆ ಅರ್ಥದ ಬಲದಿಂದಲೇ.

ಈ ವೃತ್ತಾಂತಕ್ಕೆ ಮುಖ್ಯ ಆಧಾರ ವಿಕ್ಟರನ ಅಣ್ಣತಮ್ಮಂದಿರಲ್ಲೊಬ್ಬನಾದ ಕಾರ್ಲ್ ಆಲ್ಫ್ರೆಡ್ ಫಾನ್ ಹಾಸೆ 1898ರಲ್ಲಿ ಪ್ರಕಟಿಸಿದ ಕುಟುಂಬ ಚರಿತ್ರೆ. ಘಟನೆ ನಡೆದು ನಾಲ್ಕು ದಶಕ ದಾಟಿದ ಮೇಲಿನ ಬರಹ ಅದು. ಮನೆಯವರ ಅಭಿಮಾನವೂ ಅದರಲ್ಲಿ ಸೇರಿರಬಹುದು. ನಾಜಿಗಳನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಧರ್ಮಶಾಸ್ತ್ರಜ್ಞ ಡೀಟ್ರಿಷ್ ಬಾನ್‌ಹೋಫರ್ ಈ ಕಾರ್ಲ್ ಆಲ್ಫ್ರೆಡ್‌ನ ಮಗಳ ಮಗ.

ಇಂದಿನ ಬಳಕೆಯಲ್ಲಿ ‘ಮೈನ್ ನಾಮೆ ಇಸ್ಟ್ ಹಾಸೆ’ ಎಂದಷ್ಟೇ ಹೇಳಿ ಕೈಚೆಲ್ಲುವುದೂ ಉಂಟು. ಮುಂದಿನದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ.